ಅರವತ್ತು ಮೀಟರ್ ಕಲ್ಲಿದ್ದಲು

ನಮ್ಮ ಕಸುಬಿನಲ್ಲಿ ಒಂದು ನಂಬಿಕೆ: ಇಂಕಿನಲ್ಲಿರುವುದು ಮಾತ್ರ ನಿಜ, ಪೆನ್ಸಿಲ್ಲಿನಲ್ಲಿರುವುದು ಇನ್ನೂ ತೀರ್ಮಾನವಾಗದ ಮಾತು. ಯಶವಂತಪುರದ ಮಾರ್ಕೆಟ್ ಹಿಂದಿನ ನಕ್ಷೆ ಆಫೀಸಿನಲ್ಲಿ ಹದಿನೆಂಟು ವರ್ಷ ಗೆರೆ ಎಳೆದವನು ನಾನು. "ಶೇಷಗಿರಿಯ ಹಾಳೆ ಮೇಲೆ ಊಟ ಬಡಿಸಬಹುದು ಕಣ್ರೀ" ಎಂದು ಯಜಮಾನರು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

೧೯೭೮ರಲ್ಲಿ ಬಿಹಾರದ ಒಂದು ಕಲ್ಲಿದ್ದಲು ಗಣಿಯ ಹಳೆಯ ನಕ್ಷೆ ತಿದ್ದಿ ಬರೆಯಲು ಬಂತು. ನನ್ನ ತಂಗಿ ಗೋದಾಳ ಗಂಡ ವೇಣುಗೋಪಾಲ ಅಲ್ಲೇ ಓವರ್‌ಮನ್. ನೆಲದಡಿಯ ಒಂದು ಪಾಳಿಯ ಹೊಣೆ ಅವನದು. ನಮ್ಮ ಆಫೀಸಿನ ಹೆಸರು ಹೇಳಿದವನೂ ಅವನೇ.

ಬ್ರಿಟಿಷರ ಕಾಲದಲ್ಲಿ ಅಗೆದು ಬಿಟ್ಟ ಸುರಂಗಗಳ ತುಂಬ ಈಗ ನೀರು. ಅವುಗಳಿಗೂ ಹೊಸ ಸುರಂಗಕ್ಕೂ ನಡುವೆ, ಅಗೆಯದೆ ಉಳಿದ ಕಲ್ಲಿದ್ದಲಿನ ಗೋಡೆ ಅರವತ್ತು ಮೀಟರ್. ಆದರೆ ಹಳೆಯ ಸುರಂಗದ ತುದಿಯಿಂದ ಯಾರೋ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆಗೆರೆಯನ್ನು ಆ ಗೋಡೆಯೊಳಕ್ಕೆ ಎಳೆದಿದ್ದರು. ಅಳತೆಯಿಲ್ಲ, ಸಹಿಯಿಲ್ಲ. ಏನೆಂದು ಕೇಳಬೇಕಿತ್ತು. ನಾನು ಬ್ರೆಡ್ಡಿನ ತಿರುಳು ತಿಕ್ಕಿ ಅಳಿಸಿ, ಹಾಳೆ ಚೊಕ್ಕ ಮಾಡಿ, ಇಂಕು ಹಾಕಿದೆ.

ಮರುವರ್ಷ ಗೋದಾ ಬಾಣಂತನಕ್ಕೆ ಆರ್.ಟಿ. ನಗರದ ನಮ್ಮ ಮನೆಗೆ ಬಂದಳು. ಮಗುವಿಗೆ ಎರಡು ತಿಂಗಳಾದಾಗ ವೇಣು ನನಗೊಂದು ಕಾಗದ ಬರೆದ.

"ಭಾವ, ಸುರಂಗದ ತುದೀಲಿ ಕಲ್ಲಿದ್ದಲು ಬೆವರ್ತಾ ಇದೆ. ಮೇಲಿನ ಬಂಡೆ ಬಿರುಕಿಂದ ನೀರು ತೊಟ್ಟಿಕ್ತಿದೆ, ಕೊಳೆತ ಮೊಟ್ಟೆ ವಾಸನೆ. ಅದು ನಿಂತ ನೀರಿನ ವಾಸನೆ ಅಂತಾರೆ ಹಳಬರು. ನಕ್ಷೇಲಿ ಅರವತ್ತು ಮೀಟರ್ ಇದೆಯಲ್ಲ ಅಂತಾರೆ ಮ್ಯಾನೇಜರ್. ನಕ್ಷೆ ನಿಮ್ಮದು. ನೀವು ಸರಿ ಅಂದ್ರೆ ಸಾಕು, ಇಳೀತೀನಿ."

ಚುಕ್ಕೆಗೆರೆ ನೆನಪಾಯಿತು. ನೆನಪಾಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಸುಳ್ಳು. ಒಂದು ತಂತಿ ಕಳಿಸಿದ್ದರೆ ಆಗುತ್ತಿತ್ತು. ಏನೆಂದು ಕಳಿಸಲಿ, ಶೇಷಗಿರಿ ಅಳಿಸಿಬಿಟ್ಟ ಎಂದೇ? ಕಾರ್ಡು ಬರೆದೆ: "ನಕ್ಷೆ ಕೂದಲೆಳೆಯಷ್ಟೂ ತಪ್ಪಿಲ್ಲ. ಧೈರ್ಯವಾಗಿರು."

ಹದಿನೈದನೇ ದಿನ ನಮಗೇ ತಂತಿ ಬಂತು. ಹಿಂದಿನವರು ಯಾವ ಅಳತೆಗೂ ಸಿಗದ ಹಾಗೆ ಗೋಡೆಯೊಳಗೆ ಇನ್ನಷ್ಟು ಅಗೆದಿದ್ದರು. ಚುಕ್ಕೆಗೆರೆ ಎಳೆದವನಿಗೆ ಅದು ಗೊತ್ತಿತ್ತು. ನೀರು ನುಗ್ಗಿ ವೇಣುವೂ ಅವನ ಪಾಳಿಯ ಹದಿನಾಲ್ಕು ಮಂದಿಯೂ ಒಳಗೇ ಉಳಿದರು. ದೇಹ ಸಿಗಲಿಲ್ಲ. ದರ್ಭೆಯ ಗೊಂಬೆ ಮಾಡಿ ಹೆಬ್ಬಾಳದ ಸ್ಮಶಾನದಲ್ಲಿ ಸುಟ್ಟೆವು.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮಧ್ಯಾಹ್ನ ಗೋದಾ ಹೇಳಿದಳು: "ನಿನ್ನ ಕಾರ್ಡ್ ಬಂದ್ಮೇಲೆ ನೆಮ್ಮದಿಯಾಗಿ ಇಳಿದೆ ಅಂತ ಕೊನೇ ಕಾಗದದಲ್ಲಿ ಬರೆದಿದ್ರು ಅಣ್ಣ. ಹೆದರ್ಕೊಂಡು ಹೋಗ್ಲಿಲ್ಲ. ಅದೊಂದೇ ಸಮಾಧಾನ."

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿ, ಅವಳ ಕಾಲು ಹಿಡಿದು ಅತ್ತೆ. ಬೈದಿದ್ದರೆ ಸಾಕಿತ್ತು, ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು. ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

"ಜೊತೇಲಿ ಹದಿನಾಲ್ಕು ಜನ ಇದ್ರಲ್ಲ. ಅವ್ರ ಹೆಸ್ರೇನು?"

ಆ ಗಣಿಯ ಒಂದೊಂದು ಸುರಂಗದ ನಂಬರೂ ನನಗೆ ಬಾಯಿಪಾಠ. ಅವರಲ್ಲಿ ಒಬ್ಬನ ಹೆಸರೂ ಗೊತ್ತಿರಲಿಲ್ಲ.

"ಕಾಲು ಬಿಡು," ಎಂದಳು. "ಹದಿನಾಲ್ಕು ಮನೆಗೂ ಹೋಗಿ ಹೇಳು. ನನ್ ಹತ್ರ ಕೊನೇಲಿ ಬಾ. ಕ್ಷಮಿಸೋದೋ ಬಿಡೋದೋ ಆಗ ನೋಡೋಣ." ಆ ತಿಂಗಳೇ ಯಲಹಂಕದಲ್ಲಿ ಬೇರೆ ಮನೆ ಮಾಡಿದಳು.

ತನಿಖೆಯವರಿಗೆ ಎಲ್ಲ ಬರೆದು ಕೊಟ್ಟೆ, ಕೆಲಸ ಹೋಯಿತು. ಬಿಹಾರಕ್ಕೆ ಮೂರು ಸಲ ಹೋಗಿ ಹದಿಮೂರು ಮನೆಗಳಲ್ಲಿ ಹೇಳಿದೆ. ಒಂದು ಮನೆಯಲ್ಲಿ ಉಗಿದರು, ಇನ್ನೊಂದರಲ್ಲಿ ಕುಡಿಯಲು ನೀರು ಕೊಟ್ಟರು. ಹದಿನಾಲ್ಕನೆಯವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋದಳೋ ಅಲ್ಲಿ ಯಾರಿಗೂ ಗೊತ್ತಿಲ್ಲ. ಯಲಹಂಕ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಏಳು ವರ್ಷವಾಯಿತು, ನಾನಿನ್ನೂ ಹೋಗಿಲ್ಲ.