ಕಾನಿನಲ್ಲಿ ಎರಡು ಕೂಗು

ಓಟ ಬೆಳಗಿನ ತಂಪಿನಲ್ಲೇ ಶುರುವಾಗಬೇಕಿತ್ತು. ಆದರೆ ಹೊಸ ಮೈಸೂರು ರಾಜ್ಯಕ್ಕೆ ಒಂದು ವರ್ಷ ತುಂಬಿದ ಸಂಭ್ರಮ ನೋಡಿ, ಶಿರಾಳಕೊಪ್ಪದ ವೇದಿಕೆ ಹತ್ತಿದ ಗಣ್ಯರಿಗೆ ಇಳಿಯುವ ಮನಸ್ಸೇ ಬರಲಿಲ್ಲ. ಒಬ್ಬರ ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಬ್ಬರದು ತೆರೆಯುತ್ತಿತ್ತು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಓಟಗಾರರು ಬರಿಗಾಲಲ್ಲಿ ನಿಂತು ಚಪ್ಪಾಳೆ ತಟ್ಟಿ ತಟ್ಟಿಯೇ ಅರ್ಧ ದಣಿದರು. ಕೊನೆಗೂ ಸೀಟಿ ಊದಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಸೊರಬಕ್ಕೆ ಹದಿಮೂರು ಮೈಲಿ. ಗೆದ್ದವನನ್ನು ಮೈಸೂರಿನ ದೊಡ್ಡ ಓಟಕ್ಕೆ ಕಳಿಸುತ್ತಾರೆಂದು ಸುದ್ದಿಯಿತ್ತು.

ಉಳವಿಯ ಹೂವಪ್ಪನಿಗೆ ಮೈಸೂರು ಅಷ್ಟೇನೂ ಬೇಕಿರಲಿಲ್ಲ. ಒಂದೇ ಒಂದು ಸಲ ಕಲ್ಲಪ್ಪನಿಗಿಂತ ಮುಂದೆ ಓಡಿ ಮುಗಿಸಬೇಕು, ಅಷ್ಟೆ. ಕಲ್ಲಪ್ಪ ಪಕ್ಕದ ಮನೆಯವನು, ಜೀವದ ಗೆಳೆಯ. ಇಬ್ಬರೂ ಒಂದೇ ಗದ್ದೆಯಂಚಿನ ಮೇಲೆ ಓಡಿ ಬೆಳೆದವರು. ಆದರೆ ಎಲ್ಲಿ ಓಡಿದರೂ ಹೂವಪ್ಪನ ಕಣ್ಣೆದುರು ಇರುತ್ತಿದ್ದದ್ದು ಕಲ್ಲಪ್ಪನ ಬೆನ್ನು. 'ಕಲ್ಲಪ್ಪ ಬಂದ, ಇನ್ನು ಹೂವಪ್ಪನೂ ಬಂದಾನು' ಎಂದು ಊರವರು ನಗುತ್ತಿದ್ದರು. ಅವರ ಜೊತೆ ಹೂವಪ್ಪನೂ ನಗುತ್ತಿದ್ದ. ಹೊಟ್ಟೆಯೊಳಗೆ ಮಾತ್ರ ಉರಿಯುತ್ತಿತ್ತು.

ಆ ದಿನ ಇಬ್ಬರೂ ಉಳಿದವರನ್ನು ಹಿಂದೆ ಬಿಟ್ಟು ಜೊತೆಯಾಗಿಯೇ ಕಾನು ಹೊಕ್ಕರು. ಸೊರಬ ಸೀಮೆಯ ಕಾನೆಂದರೆ ನೆಲಕ್ಕೆ ಬಿಸಿಲು ಬೀಳದ ದಟ್ಟ ಕಾಡು. ಹೊರಗೆ ಕಾದ ಹೆಂಚಿನಂತಿದ್ದ ಮಧ್ಯಾಹ್ನ ಅಲ್ಲಿ ಒಮ್ಮೆಗೇ ತಣ್ಣಗಾಯಿತು. ಹಕ್ಕಿಗಳೂ ಸುಮ್ಮನಿದ್ದವು. ಹಳ್ಳದ ಮೋರಿ ಬಂದಾಗ ಕಲ್ಲಪ್ಪ ನಿಂತ.

"ಬಾಯಿ ಒಣಗೋತು ಮಾರಾಯ. ಒಂದ್ ಬೊಗಸೆ ನೀರು ಕುಡ್ಕಂಡು ಬತ್ತೀನಿ, ನೀ ಓಡ್ತಿರು. ನಿನ್ನ ಹಿಡಿಯೋದು ಎಷ್ಟೊತ್ತಿನ ಕೆಲ್ಸ!"

ನಕ್ಕು ಪೊದೆ ಸರಿಸಿ ಕೆಳಗಿಳಿದ. ತಮಾಷೆಗೆ ಆಡಿದ ಮಾತು, ನಿಜವೂ ಹೌದು. ಅದಕ್ಕೇ ಹೂವಪ್ಪನಿಗೆ ಚುಚ್ಚಿತು. ಇನ್ನೂ ಜೋರಾಗಿ ಓಡಿದ.

ಸ್ವಲ್ಪ ದೂರ ಹೋಗಿದ್ದನಷ್ಟೆ, ಹಿಂದಿನಿಂದ ಕೂಗು ಕೇಳಿತು.

"ಹೂವಾ!"

ಅವನ ಮೈ ಜುಂ ಎಂದಿತು. ಹೂವಪ್ಪನ ಅಜ್ಜಿ ವರದಮ್ಮ ಚಿಕ್ಕಂದಿನಲ್ಲಿ ಇಬ್ಬರನ್ನೂ ಎದುರು ಕೂರಿಸಿಕೊಂಡು ಕೈತುತ್ತಿನ ಜೊತೆ ಉಣಿಸಿದ್ದ ಮಾತೊಂದಿತ್ತು: "ನಡು ಮಧ್ಯಾಹ್ನ ಕಾನಲ್ಲಿ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓ ಅನ್ಬೇಡಿ, ತಿರುಗಿ ನೋಡ್ಬೇಡಿ. ದೆವ್ವ ಎರಡೇ ಸಲ ಕರೆಯೋದು. ಮೂರನೇ ಸಲ ಕರೆದ್ರೆ ಮನುಷ್ಯರು." ಬೇಕಾದವರ ದನಿಯಲ್ಲೇ ಕರೆಯುತ್ತದಂತೆ. ಓಗೊಟ್ಟವನು ರಕ್ತ ಕಾರಿ ಸಾಯುತ್ತಾನಂತೆ.

"ಹೂವಾ..."

ಈ ಸಲ ದನಿ ಸಣ್ಣಗಾಗಿತ್ತು. ಥೇಟ್ ಕಲ್ಲಪ್ಪನದೇ. ಆದರೆ ದೆವ್ವ ಮತ್ತೆ ಯಾರ ದನಿಯಲ್ಲಿ ಬಂದೀತು? ಹೂವಪ್ಪ ಓಡುತ್ತಲೇ ಮೂರನೆಯದಕ್ಕೆ ಕಿವಿಗೊಟ್ಟ. ಬರಲಿಲ್ಲ. ಆಗ ಅವನಿಗಾದದ್ದು ಹೆದರಿಕೆಯಲ್ಲ, ಸಮಾಧಾನ. ಕಾಲಿಗೆ ಬುದ್ಧಿ ಹೇಳಿದ. ಕಾನು ಮುಗಿಯುವವರೆಗೂ ಬೆನ್ನ ಹಿಂದೆ ಹೆಜ್ಜೆ ಸದ್ದು ಬರುತ್ತಲೇ ಇತ್ತು. ಅದು ದೆವ್ವದ್ದೆಂದು ಹೆದರಿದನೋ, ಕಲ್ಲಪ್ಪನದೆಂದು ಹೆದರಿದನೋ ಅವನಿಗೇ ತಿಳಿಯದು.

ಸೊರಬದಲ್ಲಿ ಡೊಳ್ಳು ಬಡಿದರು, ಕೊರಳಿಗೆ ಹಾರ ಹಾಕಿದರು, ಕೈಗೆ ಪಾನಕದ ಲೋಟ ಕೊಟ್ಟರು. ಹೂವಪ್ಪ ರಸ್ತೆಯ ತಿರುವನ್ನೇ ನೋಡುತ್ತಿದ್ದ. ಎರಡನೆಯವನಾಗಿ ಬಂದವನು ಕಲ್ಲಪ್ಪನಲ್ಲ, ಶಿಕಾರಿಪುರದ ಕಡೆಯ ಗುಡ್ಡಪ್ಪ. ಬಂದವನೇ ಕುಸಿದು ಕೂತ.

"ಆ ಕಾನಿನ ಮೋರಿ ಕೆಳಗ ಏನೋ ನರಳ್ತಿತ್ತು ರೀ, ಹಗಲೊತ್ತಿನ್ಯಾಗ! ನಾ ತಿರುಗಿ ಸೈತ ನೋಡ್ಲಿಲ್ಲ. ಜೀವ ಕೈಯಾಗ ಹಿಡ್ಕಂಡು ಓಡಿ ಬಂದೆ."

ಜನ ಹೋ ಎಂದು ನಕ್ಕರು. ಹೂವಪ್ಪ ಪಾನಕದ ಲೋಟ ಕೆಳಗಿಟ್ಟ. ದೆವ್ವ ಕರೆಯುತ್ತದೆ, ನಗುತ್ತದೆ, ಗೆಜ್ಜೆ ಸದ್ದು ಮಾಡುತ್ತದೆ. ನೋವು ತಿಂದು ನರಳುವ ದೆವ್ವದ ಸುದ್ದಿಯನ್ನು ಅಜ್ಜಿ ಯಾವತ್ತೂ ಹೇಳಿರಲಿಲ್ಲ.

ಹಾರ ಕಿತ್ತೆಸೆದು ಬಂದ ದಾರಿಯಲ್ಲೇ ಓಡಿದ. "ಲೇ, ಓಟ ಮುಗೀತು ಕಣೋ!" ಎಂದು ಯಾರೋ ಕೂಗಿ ನಗಿಸಿದರು. ಗೆಲ್ಲಿಸಿದ ಕಾಲುಗಳು ಈಗ ಮಾತು ಕೇಳಲಿಲ್ಲ. ಓಡಿದ, ನಡೆದ, ಎಡವಿ ಬಿದ್ದ, ಮತ್ತೆ ಓಡಿದ.

ಮೋರಿಯ ಮೇಲೆ ನಿಂತಾಗ ಹಳ್ಳದ ಸದ್ದೊಂದೇ ಕೇಳುತ್ತಿತ್ತು. ಪೊದೆಯಡಿ ಏನೂ ಕಾಣದು. ಇಳಿದು ನೋಡಲು ಧೈರ್ಯ ಸಾಲದು.

"ಕಲ್ಲಾ!"

ಉತ್ತರವಿಲ್ಲ.

"ಕಲ್ಲಾ!"

ಇಲ್ಲ. ಆಗ ಹೊಳೆಯಿತು. ಅವನೂ ಅದೇ ಅಜ್ಜಿಯ ಕೈತುತ್ತು ತಿಂದವನು. ಬದುಕಿದ್ದರೂ ಎರಡು ಕರೆಗೆ ಓಗೊಡಲಾರ. ಮೂರನೆಯದಕ್ಕೂ ಉತ್ತರ ಬಾರದಿದ್ದರೆ? ಕರೆಯದೆ ನಿಂತಿರುವಷ್ಟು ಹೊತ್ತು ಕಲ್ಲಪ್ಪ ಬದುಕಿಯೇ ಇರುತ್ತಾನೆ. ಹೂವಪ್ಪ ಬಾಯಿ ತೆರೆದ, ಮುಚ್ಚಿದ. ಕೊನೆಗೆ ತಡೆಯಲಾರದೆ ಅಳುತ್ತಲೇ ಕೂಗಿದ.

"ಓ..." ಎಂದಿತು ಪೊದೆಯಡಿಯಿಂದ.

ಕಲ್ಲಪ್ಪ ಬಂಡೆಗಳ ನಡುವೆ ಬಿದ್ದಿದ್ದ. ಪಾಚಿಗೆ ಜಾರಿ ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಪಾದ ಅತ್ತ ತಿರುಗಿಕೊಂಡಿತ್ತು. ಆ ಕಾಲು ಇನ್ನು ಓಡುವುದಿಲ್ಲವೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಗೆದ್ಯೇನೋ?" ಎಂದ.

ಹೂವಪ್ಪ ತಲೆಯಾಡಿಸಿದ. "ಮೂರನೇ ಸಲ ಎಂತಕ್ಕೋ ಕರೀಲಿಲ್ಲ? ದನಿ ಹೊರಡ್ಲಿಲ್ವಾ?"

"ಹೊರಡ್ತಿತ್ತು. ನೋವು ತಡೀದೆ ಎರಡು ಸಲ ಕೂಗ್ಬಿಟ್ಟೆ. ಮೂರನೇದು ಬಾಯಿಗೆ ಬಂದಿತ್ತು, ನುಂಗ್ಕಂಡೆ. ಕರೆದಿದ್ರೆ ನೀ ತಿರುಗಿ ಬರ್ತಿದ್ಯಲ್ಲ ಮಾರಾಯ. ಒಂದ್ ಸಲನಾದ್ರೂ ನೀ ಗೆಲ್ಲಲಿ ಅಂತ... ಆಮೇಲೆ ಜ್ಞಾನ ತಪ್ಪಿರ್ಬೇಕು."

ಹೂವಪ್ಪ ಅವನನ್ನು ಬೆನ್ನಿಗೆ ಹಾಕಿಕೊಂಡು ರಸ್ತೆ ಹತ್ತಿದ. ಕರೆದಿದ್ದರೆ ತಿರುಗುತ್ತಿದ್ದೆನೇ? ಹೆಜ್ಜೆಗೊಮ್ಮೆ ತನ್ನನ್ನೇ ಕೇಳಿಕೊಂಡ. ಕಿವಿಯ ಪಕ್ಕದಲ್ಲೇ ಕಲ್ಲಪ್ಪನ ಬಿಸಿಯುಸಿರು ಬೀಳುತ್ತಿತ್ತು.

"ನೀ ತಿರುಗ್ತಿದ್ದೆ ಅಲ್ದನೋ?"

"ಹೂಂ," ಎಂದು ಹೂವಪ್ಪ ಹೆಜ್ಜೆ ಬಿರುಸು ಮಾಡಿದ.