ಬಾಣಂತಿ ಕೋಣೆಯ ಮೇಲಿನ ಮಣ್ಣು

ಎಪ್ಪತ್ತಾರರ ಬೇಸಿಗೆ. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನಗೆ ಹಗರಿಬೊಮ್ಮನಹಳ್ಳಿಯಲ್ಲೇ ವಿಮೆ ಕಂಪನಿಯೊಂದರ ತಾತ್ಕಾಲಿಕ ಕೆಲಸ ಸಿಕ್ಕಿತು. ಭೂಕಂಪವಾದರೆ ಯಾವ ಮನೆ ತಾಳೀತು, ಯಾವುದು ಬಿದ್ದೀತು ಎಂದು ಸರ್ವೇಯರ್ ನಾಗೇಂದ್ರಪ್ಪನವರು ವಿಂಗಡಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಇಟ್ಟಿಗೆ ಸಿಮೆಂಟಿನದು ಒಂದನೇ ವರ್ಗ, ಗಾರೆ ಹಾಕಿ ಕಟ್ಟಿದ ಕಲ್ಲಿನದು ಎರಡನೆಯದು, ಮಣ್ಣಿನ ಗೋಡೆಯ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆ ಮೂರನೆಯದು.

"ಗೋಡಿ ಒಂದ ನೋಡಬ್ಯಾಡಮ್ಮ, ತಲಿ ಮ್ಯಾಲೆ ಎಷ್ಟು ಭಾರ ಐತಿ ನೋಡು," ಎನ್ನುತ್ತಿದ್ದರು. "ಕೊಯ್ನಾ ಭೂಕಂಪದಾಗ ನೆಲ ಅಳ್ಳಾಡಿದ್ದು ಒಂದು ಗಳಿಗಿ. ಮಂದೀನ ಕೊಂದಿದ್ದು ಅವರವರ ಮನಿ."

ಊರ ತುಂಬ 'ಮೂರು' ಬರೆಯುವಾಗ ಏನೂ ಅನ್ನಿಸಿರಲಿಲ್ಲ. ನಮ್ಮದೇ ಪಡಸಾಲೆಯ ಸೂರಿನ ಬೆಳಕಿಂಡಿಗೆ ಅವರು ಟೇಪು ಹಿಡಿದಾಗ ನನ್ನ ಕೈ ನಿಂತಿತು. ನೀರು ಇಳಿಯದಿರಲೆಂದು ಅಪ್ಪ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಹಳೆ ಮಣ್ಣಿನ ಮೇಲೆಯೇ ಹೊಸ ಸವಳು ಮಣ್ಣು ಹರಡುತ್ತಿದ್ದ. ಕಿಂಡಿಯ ಅಂಚಿನಲ್ಲಿ ಅದು ಪದರ ಪದರವಾಗಿ ಮೊಳಕ್ಕಿಂತ ದಪ್ಪ ಕಾಣುತ್ತಿತ್ತು. ಅದೇ ಮಾಳಿಗೆಯ ಕೆಳಗೆ, ಒಳಕೋಣೆಯಲ್ಲಿ, ಅಕ್ಕ ಮಾಳಮ್ಮನ ಹಸುಗೂಸು ತೊಟ್ಟಿಲಲ್ಲಿತ್ತು.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಲಾರಿ ಹೋದ ಸದ್ದಿಗೆ ತಟ್ಟೆ ನಡುಗಿದರೂ ಓಡಿ ಕೂಸನ್ನು ಎತ್ತಿಕೊಳ್ಳುತ್ತಿದ್ದೆ.

"ಏ ಹುಚ್ಚಿ, ಮಲಗಿದ ಕೂಸಿನ್ನ ಎಬ್ಬಸ್ತಿಯಲ್ಲೇ!" ಎಂದು ಅಕ್ಕ ಬೈಯುತ್ತಿದ್ದಳು.

ಅಪ್ಪನಿಗೆ ಹೇಳಬೇಕು. ಹೇಳಬೇಕಾದ ಮಾತನ್ನು ಡೈರಿಯಲ್ಲಿ ಬರೆದೆ, ಹೊಡೆದುಹಾಕಿದೆ.

ಭಾನುವಾರ ಮನೆ ಮುಂದೆ ಒಂದು ಬಂಡಿ ಸವಳು ಮಣ್ಣು ಬಂದು ಬಿತ್ತು. ಅಪ್ಪ ಮೊದಲ ಪುಟ್ಟಿ ಹೊತ್ತು ಏಣಿ ಹತ್ತಿದ. ನಾನೂ ಹಿಂದೆಯೇ ಹತ್ತಿದೆ.

"ಅಪ್ಪಾ, ಹಾಕಬ್ಯಾಡ. ಮೊದಲು ಹಳೇದು ತಗಿ."

"ಯಾಕ?"

"ಭೂಮಿ ನಡುಗಿದ್ರ ಇಷ್ಟೂ ಕೂಸಿನ ಮ್ಯಾಲೆ ಬೀಳ್ತತಿ."

ಅಪ್ಪ ನಕ್ಕ. "ಭೂಮಿ ನಡುಗಿದ್ದು ನಮ್ಮಪ್ಪ ಕಂಡಿಲ್ಲ, ನಾನೂ ಕಂಡಿಲ್ಲ. ಮಳಿ ವರ್ಷಾ ಬರ್ತೈತಿ. ಸೋರಿದ್ರ ನಿಮ್ಮ ಸಾಹೇಬ ಬಂದು ಛತ್ರಿ ಹಿಡೀತಾನೇನು?"

ಅಲ್ಲಿದ್ದ ಗುದ್ದಲಿ ತೆಗೆದುಕೊಂಡು ಒಳಕೋಣೆಯ ಮೇಲೆ ಒಂದು ಏಟು ಹಾಕಿದೆ. ಇನ್ನೊಂದು ಹಾಕಿದೆ. ಕೆಳಗಿನಿಂದ ಅಕ್ಕ ಚೀರಿದಳು:

"ಯಾರಲೇ ಮ್ಯಾಲೆ? ತೊಟ್ಲಾಗ ಮಣ್ಣು ಉದುರ್ತೈತಿ!"

ಅಪ್ಪನ ನಗು ನಿಂತಿತು. ನನ್ನಂಥವಳ ಎರಡು ಗುದ್ದಲಿ ಏಟಿಗೇ ಉದುರಿತ್ತು. ಆ ಕೋಣೆಯ ಕಿಂಡಿಯಲ್ಲಿ ಬಗ್ಗಿ ನೋಡಿದ. ಜಂತೆಗಳನ್ನು ನೋಡಿದನೋ, ಕೂಸನ್ನು ನೋಡಿದನೋ.

"ಮಾಳೀ, ಕೂಸಿನ್ನ ಹೊರಗ ತಗಂಡು ಹೋಗವ್ವಾ," ಎಂದು ಕೂಗಿ, ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡ. "ಈ ಕೋಣಿದಷ್ಟ ತಗೀತೀನಿ. ಸೋರಿದ್ರ ಬೋಗುಣಿ ನೀನ ಹಿಡೀಬೇಕು ನೋಡು."

ಹಂಪಸಾಗರದ ಕಡೆ ಮೋಡ ಕಪ್ಪಾಗುತ್ತಿತ್ತು. ಅಪ್ಪ ಕೆರೆದ ಹಳೆ ಮಣ್ಣನ್ನು ಪುಟ್ಟಿಗೆ ತುಂಬಿ, ಅತ್ತ ನೋಡದೆ, ಬೇಗ ಬೇಗ ಹಿತ್ತಲಿಗೆ ಸುರಿಯತೊಡಗಿದೆ.