ಕೆಂಪು ರೇಷ್ಮೆ ಕಟ್ಟಿದ ರೆಕ್ಕೆ

ನಾನು ಒಂದು ಗಿಣಿ. ಇಳಕಲ್ಲಿನ ಹೊರಗೆ, ಕಲ್ಲಿನ ಕ್ವಾರಿಗಳ ಕಡೆ ಹೋಗುವ ದಾರಿಯಲ್ಲಿದ್ದ ಹಳೇ ಬೇವಿನ ಮರದ ಪೊಟರೆಯಲ್ಲಿ ಹುಟ್ಟಿದೆ. ಹುಟ್ಟಿದಾಗ ಮೈಮೇಲೆ ಒಂದು ಗರಿಯೂ ಇರಲಿಲ್ಲ. ಈಗ ನನ್ನ ಬಲರೆಕ್ಕೆಯನ್ನು ನೋಡಿದವರಿಗೆ, ಆಗ ನಾನು ಹೇಗಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಗರಿ ಮೂಡುವ ಹೊತ್ತಿಗೆ ಪೊಟರೆಯೊಳಗೆ ಬೀಡಿ ವಾಸನೆಯ ಒಂದು ಕೈ ಬಂತು. ಒಡಹುಟ್ಟಿದವರು ಹಿಂದೆ ಕುಳಿತಿದ್ದರು, ಪೊಟರೆಯ ಬಾಯಿಯ ಹತ್ತಿರ ನಾನಿದ್ದೆ. ಹಾಗಾಗಿ ನಾನು ಸಿಕ್ಕಿದೆ. ಆ ಕೈಯ ಮನುಷ್ಯ ನನ್ನನ್ನು ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಗೆ ತಂದು, ಇಮಾಮಸಾಬ ಎಂಬ ಮುದುಕನ ಮಡಿಲಿಗೆ ಹಾಕಿ, ಒಂದು ಪ್ಲೇಟು ಮಿರ್ಚಿ ಭಜಿ ತಿಂದು ಹೊರಟುಹೋದ.

ಇಮಾಮಸಾಬ ನನಗೆ ಮಿಠ್ಠು ಎಂದು ಹೆಸರಿಟ್ಟ. ನೆನೆಸಿದ ಕಡಲೆ ತಿನ್ನಿಸಿ ಬೆಳೆಸಿದ. ಪಂಜರವನ್ನೂ ತಂದಿದ್ದ, ಆದರೆ ಅದರ ಬಾಗಿಲು ಹಾಕುತ್ತಿರಲಿಲ್ಲ. ನಾನು ಹಾರಲು ಕಲಿತದ್ದು ಆ ಅಂಗಡಿಯೊಳಗೇ. ಗಲ್ಲಾಪೆಟ್ಟಿಗೆಯಿಂದ ಬಿಸ್ಕತ್ತಿನ ಭರಣಿಗೆ, ಭರಣಿಯಿಂದ ಯಾರದಾದರೂ ತಲೆಗೆ. ಒಂದು ದಿನ ಮಿರ್ಚಿ ಕರಿಯುವ ಬಾಣಲೆಯ ಮೇಲೆ ಹಾದುಹೋದೆ. ಹೊಗೆ ಕಣ್ಣಿಗೆ ತುಂಬಿ, ಬಾಣಲೆಯ ಅಂಚಿಗೆ ಬಡಿದು, ಪಕ್ಕದ ಹಿಟ್ಟಿನ ಬೋಗುಣಿಯಲ್ಲಿ ಬಿದ್ದೆ. ಗಿರಾಕಿಗಳೆಲ್ಲ ನಕ್ಕರು. ಇಮಾಮಸಾಬ ನಗಲಿಲ್ಲ.

"ರೆಕ್ಕಿ ಕಡದ ಬಿಡ್ರಿ ಚಾಚಾ, ಎಲ್ಲಾರೂ ಕಡೀತಾರ. ಗರಿ ಕಡದ್ರ ಅದಕ್ಕೇನ್ ನೋವ ಆಗೂದಿಲ್ಲ" ಎಂದ ಒಬ್ಬ ಗಿರಾಕಿ.

ಇಮಾಮಸಾಬ ಹಿಟ್ಟು ಮೆತ್ತಿದ ನನ್ನ ರೆಕ್ಕೆಯನ್ನು ತೊಳೆದ. "ಎಣ್ಣಿ ಮುಂದ ಕುಂದ್ರೂದು ನನ್ನ ಹೊಟ್ಟಿಪಾಡು. ಅದಕ್ಯಾಕ ಶಿಕ್ಷಾ?" ಎಂದ. ಮರುದಿನ ನೇಕಾರರ ಓಣಿಯ ಬನಪ್ಪ ಚಹಾ ಕುಡಿಯಲು ಬಂದಾಗ ನನ್ನನ್ನು ಅವನ ಕೈಗೆ ಕೊಟ್ಟ. "ನಮ್ಮ ತಂಗಿ ಅಂಬವ್ವಗ ಕೊಡಪಾ. ಮನ್ಯಾಗ ಒಂದ್ ಜೀವ ಇದ್ದಂಗ ಆಗ್ತೈತಿ."

ಅಂಬವ್ವ ಬನಪ್ಪನ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ. ಓಣಿಯಲ್ಲಿ ಅದನ್ನು ಯಾರೂ ನೇರವಾಗಿ ಆಡುತ್ತಿರಲಿಲ್ಲ, ಹೀಗೆ ಸುತ್ತುಬಳಸಿ ಆಡುತ್ತಿದ್ದರು.

ಬನಪ್ಪನ ನಡುಮನೆಯ ತುಂಬ ಮಗ್ಗವೇ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವನು ಸೀರೆ ನೇಯುತ್ತಾನೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಎಂದರೆ ಉದ್ದಕ್ಕೆ ಹಾಸಿದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಸೆರಗಿನದು ಕೆಂಪು ರೇಷ್ಮೆ. ಈ ಎರಡನ್ನೂ ಎಳೆಗೆ ಎಳೆ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಆ ಮನೆಯಲ್ಲಿ ಅದು ಅಂಬವ್ವನ ಕೆಲಸ. ಮಗ್ಗದ ಮುಂದೆ ಕುಳಿತು, ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು, ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತ ನನ್ನೊಡನೆ ಮಾತಾಡುತ್ತಿದ್ದಳು. ಎಲ್ಲಿ ಎಳೆ ಕಡಿದರೂ ಅವಳ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಕಡಿದದ್ದನ್ನು ಕಂಡು ಸುಮ್ಮನೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ ನಾನು ಮಾಳಿಗೆಯ ಮೇಲೆ ಹೋಗಿ ಕೂರುತ್ತಿದ್ದೆ. ದಿನಾ ಅದೇ ಹೊತ್ತಿಗೆ ಗಿಣಿಗಳ ಗುಂಪು ಓಣಿಯ ಮೇಲೆ ಹಾದು ಬೇವಿನ ಮರಗಳ ಕಡೆ ಹೋಗುತ್ತಿತ್ತು. ನಾನೂ ಎದ್ದು ಅವರ ಜೊತೆ ಓಣಿಯ ಕೊನೆಯವರೆಗೆ ಹಾರುತ್ತಿದ್ದೆ. ಅಲ್ಲಿಂದ ಕೆಳಗೆ ಅಂಬವ್ವ "ಮಿಠ್ಠೂ" ಎಂದು ಕೂಗುವುದು ಕೇಳುತ್ತಿತ್ತು, ತಿರುಗಿ ಬರುತ್ತಿದ್ದೆ. ನನಗೆ ಎರಡೂ ಬೇಕಿತ್ತು. ಸುಖವೆಂದರೆ ಏನೆಂದು ಯಾರಾದರೂ ಕೇಳಿದರೆ ಆ ಸಂಜೆಗಳನ್ನೇ ಹೇಳುತ್ತೇನೆ. ಈಗ ಅವುಗಳನ್ನು ನೆನೆದರೆ ಏನೂ ಅನಿಸುವುದಿಲ್ಲ, ನೆನಪು ಮಾತ್ರ ಸರಿಯಾಗಿದೆ.

ತೊಂದರೆ ಬಂದದ್ದು ಕೆಂಪು ಬಣ್ಣದಿಂದ. ಗಿಣಿಗೆ ಕೆಂಪು ಎಂದರೆ ಮೆಣಸಿನಕಾಯಿ. ಮಗ್ಗದ ಮೇಲೆ ಬಿಗಿದು ನಿಂತ ಕೆಂಪು ರೇಷ್ಮೆ ಕಂಡರೆ ನನ್ನ ಕೊಕ್ಕು ಸುಮ್ಮನಿರುತ್ತಿರಲಿಲ್ಲ. ಅಂಬವ್ವ ಬೆಳಗಿನಿಂದ ಹಾಕಿದ ಕೊಂಡಿಯನ್ನು ಅವಳು ರೊಟ್ಟಿ ತಟ್ಟಿ ಬರುವಷ್ಟರಲ್ಲಿ ಕತ್ತರಿಸಿ ಹಾಕಿರುತ್ತಿದ್ದೆ. ಅವಳು ಮತ್ತೆ ಹಾಕುತ್ತಿದ್ದಳು. ನಾನು ಮತ್ತೆ ಕತ್ತರಿಸುತ್ತಿದ್ದೆ. ಪಂಜರದಲ್ಲಿ ಕೂಡಿ ನೋಡಿದರು. ಓಣಿಯವರೆಲ್ಲ ಬಾಗಿಲಿಗೆ ಬಂದು ಕೇಳುವಂತೆ ಕಿರುಚಿದೆ. ಅಂಬವ್ವನೇ ಬಾಗಿಲು ತೆಗೆದಳು.

"ಹಿಂಗಾದ್ರ ಸೀರಿ ಎಂದ ಇಳಸೂದು?" ಎಂದ ಬನಪ್ಪ. ಅವನು ಸಿಟ್ಟಿನ ಮನುಷ್ಯನಲ್ಲ, ದಣಿದ ಮನುಷ್ಯ. "ಒಂದೋ ತಿರುಗಿ ಇಮಾಮಸಾಬಗ ಕೊಟ್ಟ ಬಿಡು, ಇಲ್ಲಾ ರೆಕ್ಕಿ ಕಡಿ. ನನಗೇನ ಆಗಬೇಕಾಗಿಲ್ಲ, ನೀನ ನೋಡು."

"ಕೊಟ್ರ ಹೋಗಿಬಿಡ್ತೈತಲ್ರೀ" ಎಂದಳು ಅಂಬವ್ವ.

ಅವಳು ಒಂದಿಷ್ಟು ದಿನ ಯೋಚಿಸಿದಳು. ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ರೆಕ್ಕೆ ಬಿಚ್ಚಿ ನೋಡುವಳು, ಮುಚ್ಚುವಳು. ಕೊಟ್ಟರೆ ಇಲ್ಲ, ಕಡಿದರೆ ಇರುತ್ತದೆ. ಕೊನೆಗೆ ಅವಳಿಗೆ ಕಂಡದ್ದು ಅಷ್ಟೇ. ಬನಪ್ಪ ತಾನು ಕಡಿಯುತ್ತೇನೆ ಎಂದರೂ ಬಿಡಲಿಲ್ಲ. ನೂಲು ಕತ್ತರಿಸುವ ಕತ್ತರಿಯಿಂದ ಎರಡೂ ರೆಕ್ಕೆಯ ಗರಿಗಳನ್ನು ತಾನೇ ಕಡಿದಳು. ನೋವಾಗಲಿಲ್ಲ. ಆ ಗಿರಾಕಿ ಹೇಳಿದ್ದು ನಿಜ. ಹಸಿರು ಗರಿಗಳು ಅವಳ ಮಡಿಲಲ್ಲಿ ಬಿದ್ದವು. ಅವನ್ನು ಒಂದು ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಆ ಸಂಜೆಯೂ ಮೆಟ್ಟಿಲೇರಿ ಮಾಳಿಗೆಗೆ ಹೋದೆ. ಗುಂಪು ಬಂತು. ನಾನು ಎಂದಿನಂತೆ ಎದ್ದೆ. ಅಂಗಳದ ಕಲ್ಲುಹಾಸು ಎದೆಗೆ ಬಡಿದಾಗಲೇ ನನ್ನ ಮೈಯಲ್ಲಿ ಏನು ಇಲ್ಲವೆಂದು ಗೊತ್ತಾಯಿತು. ಅಂಬವ್ವ ಓಡಿ ಬಂದು ಎತ್ತಿಕೊಂಡಳು. ಅವಳು ಅತ್ತದ್ದು ಕೇಳಿಸಿತು. ನನ್ನೊಳಗೆ ಯಾರೋ ಕಿಟಕಿ ಮುಚ್ಚಿದ ಹಾಗಿತ್ತು. ಅಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಆ ಕಿಟಕಿಯ ಈಚೆಗಿನ ಮಾತು.

ಮರುದಿನ ಬೆಳಿಗ್ಗೆ ಅಂಬವ್ವ ಆ ರವಿಕೆ ಬಟ್ಟೆ ಬಿಚ್ಚಿ, ಸೆರಗಿನ ಕೆಂಪು ರೇಷ್ಮೆ ತೆಗೆದುಕೊಂಡು ಕುಳಿತಳು. ನನ್ನ ಬಲರೆಕ್ಕೆಯಲ್ಲಿ ಉಳಿದಿದ್ದ ಮೋಟು ಗರಿಗಳಿಗೆ ಕಡಿದ ಗರಿಗಳನ್ನು ಒಂದೊಂದಾಗಿ ಜೋಡಿಸಿ, ರೇಷ್ಮೆ ಸುತ್ತಿ, ಗಂಟು ಹಾಕಿದಳು. ಕೊಂಡಿ ಹಾಕಿದ ಹಾಗೆಯೇ. ಬನಪ್ಪ ಮಗ್ಗ ನಿಲ್ಲಿಸಿ ನೋಡಿದ. "ಹಂಗ ಕೂಡತಾವೇನ ಅವು?" ಎಂದ.

"ಇಷ್ಟ ಸಣ್ಣ ಎಳಿ ಕೂಡಸ್ತೀನಿ. ಗರಿ ಕೂಡಸಾಕ ಬರೂದಿಲ್ಲೇನು?" ಎಂದಳು. ಕಡಿದ ಎಳೆ ತಾನಾಗಿ ಬೆಳೆದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವನೂ ಕಂಡಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಬಲಗಡೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಎಡಗಡೆಯದನ್ನು ನಾಳೆಗೆ ಬಿಟ್ಟಳು. ಆದರೆ ನನ್ನ ರೆಕ್ಕೆಯಲ್ಲೇ ಈಗ ಕೆಂಪು ಇತ್ತು. ಕೊಕ್ಕು ಅಲ್ಲಿಗೆ ಹೋಯಿತು. ಎಳೆದೆ. ದಾರದ ಜೊತೆ ಗರಿಯ ಬುಡವೂ ಕಿತ್ತು ಬಂತು, ರಕ್ತ ಬಂತು. ಅಂಬವ್ವ ಅರಿಶಿನ ಹಚ್ಚಿ, ಉಳಿದವನ್ನು ಇನ್ನೂ ಬಿಗಿಯಾಗಿ ಕಟ್ಟಿದಳು. ನಾನು ಇನ್ನೂ ಜೋರಾಗಿ ಎಳೆದೆ. ಮಗ್ಗದ ಮೇಲೆ ನಡೆದದ್ದೇ ನನ್ನ ಮೈಮೇಲೂ ನಡೆಯಿತು. ಅವಳು ಕೂಡಿಸುವುದು, ನಾನು ಕೀಳುವುದು. ಹಾಗೆಯೇ ದಿನಗಳು ಹೋದವು. ಕೊನೆಗೆ ಬಲಗಡೆ ಕಟ್ಟಲು ಮೋಟುಗಳೇ ಉಳಿಯಲಿಲ್ಲ. ಗಾಯ ಮಾಯಿತು, ಚರ್ಮ ನುಣ್ಣಗಾಯಿತು. ಅಲ್ಲಿ ಮುಟ್ಟಿದರೆ ನನಗೆ ಏನೂ ತಿಳಿಯುವುದಿಲ್ಲ.

ಎಡಗಡೆಯ ನಾಳೆ ಬರಲೇ ಇಲ್ಲ. ಅವಳು ಮುಟ್ಟದೆ ಬಿಟ್ಟ ಆ ಮೋಟುಗಳು ಕಾಲ ಕಳೆದಂತೆ ಉದುರಿ, ಅವುಗಳ ಜಾಗದಲ್ಲಿ ಹೊಸ ಹಸಿರು ಗರಿಗಳು ಬಂದವು. ಪೂರ್ತಿ ರೆಕ್ಕೆ.

ಬನಪ್ಪ ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದ. ಡಾಕ್ಟರು ಎರಡೂ ರೆಕ್ಕೆ ಬಿಡಿಸಿ ನೋಡಿದರು. "ಗರಿ ಅಂದ್ರ ನಮ್ಮ ಕೂದಲ, ಉಗುರ ಇದ್ದಂಗ್ರಿ. ಕಡದ್ರ ಒಂದಿನ ಉದುರಿ ಹೊಸಾವು ಬರ್ತಾವ. ಈ ಕಡೆ ಬಂದಾವಲ್ಲ, ನೋಡ್ರಿ. ಬಲಗಡೆ ಬುಡಾನ ಕಿತ್ತು ಹೋಗ್ಯಾವ, ಇನ್ನ ಬರೂದಿಲ್ಲ. ಕಟ್ಟಬಾರದಿತ್ತು. ಬಿಟ್ಟಿದ್ರ ತಾವ ಬರ್ತಿದ್ವು."

ಬನಪ್ಪ ನನ್ನನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡು ಹೊರಟ. ಮನೆಗೆ ಬಂದಾಗ ಅಂಬವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು?" ಎಂದಳು.

"ವಯಸ್ಸಿಂದು ಅಂದ್ರು. ಒಂದೊಂದಕ್ಕ ಹಿಂಗ ಆಗ್ತೈತಂತ" ಎಂದು ಕುಣಿಯಲ್ಲಿ ಇಳಿದ.

ಆದರೆ ಅಂಬವ್ವ ನೀರಿಗೆ ಹೋದಾಗಲೆಲ್ಲ ಅವನು ಒಬ್ಬನೇ ನೇಯುತ್ತ ಅದೇ ಮಾತು ಗೊಣಗುತ್ತಿದ್ದ. ಬಿಟ್ಟಿದ್ರ ತಾವ ಬರ್ತಿದ್ವು. ಲಾಳಿ ಆ ಕಡೆ ಹೋಗುವಾಗ ಅರ್ಧ, ಈ ಕಡೆ ಬರುವಾಗ ಅರ್ಧ. ಕೇಳಿ ಕೇಳಿ ನನಗೆ ಬಾಯಿಪಾಠವಾಯಿತು. ಅವನ ದನಿಯಲ್ಲೇ ಹೇಳಬಲ್ಲೆ. ಹೇಳಲಿಲ್ಲ. ಅಂಬವ್ವ ಮಾತಾಡಿಸಿದಾಗಲೆಲ್ಲ ನನ್ನ ಹೆಸರನ್ನೇ ಅವಳಿಗೆ ತಿರುಗಿ ಹೇಳುತ್ತಿದ್ದೆ. ಮಿಠ್ಠು, ಮಿಠ್ಠು. ಇಷ್ಟು ವರ್ಷದಲ್ಲಿ ನಾನು ಆಡಿದ್ದು ಅಷ್ಟೇ. ಈ ಗಿಣಿಗೆ ಬುದ್ಧಿ ಕಡಿಮೆ ಎಂದು ಓಣಿಯವರು ತೀರ್ಮಾನಿಸಿದರು.

ನನಗೆ ವಯಸ್ಸಾಯಿತು. ಅಂಬವ್ವನ ತಲೆಗೂದಲು ಬೆಳ್ಳಗಾಯಿತು. ಇಮಾಮಸಾಬನ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆಯಂತೆ. ನಾನು ಮಗ್ಗದ ಪಕ್ಕದ ಮೂಲೆಯಲ್ಲಿ, ನೂಲಿನ ಪೆಟ್ಟಿಗೆಯ ಮೇಲೆ ಕೂರುತ್ತೇನೆ. ಕೆಂಪು ಎಳೆಗಳು ಕೊಕ್ಕಿಗೆ ಎಟಕುವ ಹಾಗೇ ಇವೆ. ನಾನು ಮುಟ್ಟುವುದಿಲ್ಲ.

ಮೊನ್ನೆ ಪಕ್ಕದ ಮನೆಯ ದ್ಯಾಮವ್ವ ಬಂದಳು. ಸೆರಗಿನೊಳಗೆ ಒಂದು ಎಳೇ ಗಿಣಿ. ಅದರ ಕೊರಳಿನಲ್ಲಿ ಇನ್ನೂ ಉಂಗುರ ಮೂಡಿರಲಿಲ್ಲ. "ಯಕ್ಕಾ, ಮನಿ ತುಂಬ ಹಾರಾಡ್ತೈತಿ. ಫ್ಯಾನ ಹಚ್ಚಾಕ ಅಂಜಿಕಿ. ಇದರ ರೆಕ್ಕಿ ಕಡೀಲೋ ಬ್ಯಾಡೋ? ನೀ ಕಡದೀಯಲ್ಲ, ಹೆಂಗ ಹಿಡೀಬೇಕು ತೋರಸು."

ಅಂಬವ್ವ ಕೊಂಡಿ ಹಾಕುತ್ತಲೇ ಇದ್ದಳು. ದ್ಯಾಮವ್ವ ತಾನೇ ಬಾಗಿ ಅವಳ ಪಕ್ಕದಲ್ಲಿದ್ದ ಕತ್ತರಿಯನ್ನು ಎತ್ತಿಕೊಂಡಳು. ಆ ಎಳೇ ಗಿಣಿ ನನ್ನನ್ನು ನೋಡಿತು.

"ಬಿಟ್ಟಿದ್ರ ತಾವ ಬರ್ತಿದ್ವು" ಎಂದೆ ನಾನು, ಬನಪ್ಪನ ದನಿಯಲ್ಲಿ. ಗಿಣಿಗಳಿಗೆ ಆಡಿದ ಮಾತಿನ ಅರ್ಥ ಗೊತ್ತಿರುವುದಿಲ್ಲ ಎನ್ನುತ್ತಾರೆ. ಅನ್ನಲಿ. ನಾನು ಬೇಕೆಂದೇ ಅಂದೆ.

ಮಗ್ಗ ನಿಂತಿತು. ಕುಣಿಯಲ್ಲಿದ್ದ ಬನಪ್ಪ ತಲೆ ಎತ್ತಲಿಲ್ಲ. ಅಂಬವ್ವನ ಬೆರಳುಗಳೂ ನಿಂತವು. ಅವಳೇ ಮಾತಾಡಿದಳು.

"ನನಗ ಗೊತ್ತೈತ್ರೀ. ಎಡಗಡೆ ಗರಿ ಬಂದಾಗನ ಗೊತ್ತಾತು. ನಿಮಗ ಗೊತ್ತಿಲ್ಲ ಅಂತ ತಿಳಕೊಂಡಿದ್ದೆ. ಗೊತ್ತಾದ್ರ ನೀವು ಮರಗತೀರಿ ಅಂತ ಬಾಯಿ ಬಿಡಲಿಲ್ಲ."

"ನಾನೂ ಹಂಗ ಅಂದಕೊಂಡಿದ್ದೆ" ಎಂದ ಬನಪ್ಪ. ಸ್ವಲ್ಪ ಹೊತ್ತಿಗೆ ಲಾಳಿ ಮತ್ತೆ ಓಡತೊಡಗಿತು. ಮೊದಲ ನಾಲ್ಕಾರು ಹೊಡೆತ ತಪ್ಪಿದವು.

ಅಂಬವ್ವ ದ್ಯಾಮವ್ವನ ಕೈಯಿಂದ ಕತ್ತರಿ ತೆಗೆದುಕೊಂಡು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು. "ಕಡೀಬ್ಯಾಡ. ಫ್ಯಾನ ಆರಿಸಿ ಕುಂದ್ರು, ಇಲ್ಲಾ ಬಿಟ್ಟಬಿಡು. ಹೋದ್ರ ಹೋಗ್ಲಿ. ಯಾವತ್ತರ ಕೈ ತಪ್ಪಿ ಕಡದರೂ, ಆಮ್ಯಾಲ ಕೂಡಸಾಕ ಮಾತ್ರ ಹೋಗಬ್ಯಾಡ."

ದ್ಯಾಮವ್ವನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಗಿಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅದರ ಗರಿಗಳು ಅದರ ಮೈಮೇಲೇ ಇದ್ದವು.

ಆ ಸಂಜೆ ಅಂಬವ್ವ ನನ್ನನ್ನು ಎತ್ತಿಕೊಂಡು ಮಾಳಿಗೆಯ ಮೆಟ್ಟಿಲೇರಿದಳು. ನಾನು ಬಿದ್ದ ದಿನದಿಂದ ಅಲ್ಲಿಗೆ ಹೋಗಿರಲಿಲ್ಲ. ಇಬ್ಬರೂ ಗೋಡೆಗೆ ಒರಗಿ ಕುಳಿತೆವು. ಗುಂಪು ಬಂತು, ಅದೇ ದಾರಿ, ಅದೇ ಗದ್ದಲ. ನನ್ನ ಎಡರೆಕ್ಕೆ ತಾನಾಗಿ ಬಿಚ್ಚಿಕೊಂಡಿತು. ನಾನು ಜಾರಿ ಬೀಳದಂತೆ ಅಂಬವ್ವ ಬಲಗಡೆಗೆ, ಆ ಬೋಳು ಜಾಗದ ಮೇಲೆ, ಅಂಗೈ ಇಟ್ಟಳು. ಗುಂಪು ಓಣಿಯ ಕೊನೆ ದಾಟಿ ಹೋಯಿತು. ಅವಳು ಕೈ ತೆಗೆಯಲಿಲ್ಲ. ಅವಳ ಅಂಗೈ ಬೆಚ್ಚಗಿತ್ತು. ಅದು ನನಗೆ ತಿಳಿಯಿತು.